ಸ್ಕಂದಗಿರಿಯ ಮಗ್ಗುಲ ರೇಷ್ಮೆ ಸೀಮೆ

ಬೆಳಗಿನ ಜಾವ ಬೆಟ್ಟ ಹತ್ತಿದವರಿಗೆ ಸ್ಕಂದಗಿರಿ ಎಂದರೆ ಮೋಡ, ಅಷ್ಟೆ. ಸುಮಾರು 1,450 ಮೀಟರ್ ಎತ್ತರದ ನೆತ್ತಿಯಲ್ಲಿ ಹಾಳುಬಿದ್ದ ಕೋಟೆಗೋಡೆಗೆ ಒರಗಿ ನಿಂತು, ಕೆಳಗೆ ಹಾಲು ಚೆಲ್ಲಿದಂತೆ ಹರಡಿದ ಮಂಜನ್ನು ನೋಡಿ, ಫೋಟೊ ತೆಗೆದುಕೊಂಡು ಬಿಸಿಲೇರುವ ಮೊದಲೇ ಇಳಿದುಬಿಡುತ್ತಾರೆ. ಬೆಂಗಳೂರು ಇಲ್ಲಿಂದ ಅರವತ್ತು ಕಿಲೋಮೀಟರ್. ತಡವಾದ ತಿಂಡಿಯ ಹೊತ್ತಿಗೆ ಮನೆ ಸೇರಬಹುದು. ಸುತ್ತಲಿನ ಹಳಬರ ಬಾಯಲ್ಲಿ ಇದು ಇಂದಿಗೂ ಕಳವಾರ ದುರ್ಗ.

ಅವಸರ ಮಾಡದೆ ಇನ್ನೊಂದು ತಾಸು ಕುಳಿತವರಿಗೆ ಬೇರೆಯೇ ನೋಟವಿದೆ. ಮಂಜು ಸರಿದಂತೆ ಚಿಕ್ಕಬಳ್ಳಾಪುರದ ಮನೆಗಳು, ದ್ರಾಕ್ಷಿ ಚಪ್ಪರಗಳು, ಹೂವಿನ ತೋಟಗಳು ಕಾಣುತ್ತವೆ. ಅದರಾಚೆ ಪೂರ್ವಕ್ಕೆ, ಶಿಡ್ಲಘಟ್ಟದ ದಿಕ್ಕಿನಲ್ಲಿ, ಕೆಂಪು ನೆಲಕ್ಕೆ ಹಚ್ಚಿದ ತೇಪೆಗಳ ಹಾಗೆ ಕರಿಹಸಿರು ಚೌಕಗಳು. ಹಿಪ್ಪುನೇರಳೆ! ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಸೀಮೆಯ ಸಾವಿರಾರು ಮನೆಗಳ ಅನ್ನ ಆ ಚೌಕಗಳಲ್ಲಿದೆ.

ಮೈಸೂರು ಸೀಮೆಗೆ ಈ ಹುಳು ಬಂದದ್ದು 1780ರ ದಶಕದಲ್ಲಿ, ಟಿಪ್ಪು ಸುಲ್ತಾನನು ಬಂಗಾಳದಿಂದ ತರಿಸಿದಾಗ. ಸ್ಕಂದಗಿರಿಯ ಎದುರಿಗೇ ನಿಂತಿರುವ ನಂದಿದುರ್ಗ 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆಗೆ ಸೋತಿತು. ಕೋಟೆಗಳು ಪಾಳುಬಿದ್ದವು, ಹುಳು ಮಾತ್ರ ರೈತರ ಮನೆಯೊಳಗೆ ಉಳಿದುಕೊಂಡಿತು. ಒಳಗೆ ಎಂದರೆ ನಿಜವಾಗಿಯೂ ಒಳಗೆ. ಬೇರೆ ಹುಳುಮನೆ ಕಟ್ಟಿಸಲಾರದವರು ಹುಳು ಹಣ್ಣಾಗುವ ದಿನಗಳಲ್ಲಿ ತಾವೇ ಜಗಲಿಗೆ ಬಂದು ಮಲಗುತ್ತಿದ್ದರು.

ರೇಷ್ಮೆಯವರ ಭಾಷೆಯೇ ಬೇರೆ. ಹುಳು ಪೊರೆ ಕಳಚುವುದಕ್ಕೆ ಇಲ್ಲಿ 'ಜ್ವರ' ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಿತು ಎಂದರೆ ಸೊಪ್ಪು ಹಾಕುವಂತಿಲ್ಲ, ಜ್ವರದಿಂದ ಎದ್ದಿತು ಎಂದರೆ ಮತ್ತೆ ಹಸಿವು. ಇಂಥ ನಾಲ್ಕು ಜ್ವರ ದಾಟಬೇಕು. ನಾಲ್ಕನೆಯದು ಕಳೆದ ಮೇಲಿನ ಒಂದು ವಾರ ಮನೆಯ ಹೆಂಗಸರಿಗೆ ನಿದ್ದೆಯಿಲ್ಲ. ಹುಳು ಒಟ್ಟು ತಿನ್ನುವ ಸೊಪ್ಪಿನ ಬಹುಪಾಲು ಆ ಏಳು ದಿನಗಳಲ್ಲೇ ಮುಗಿಯುತ್ತದೆ. ರಾತ್ರಿ ಹುಳುಮನೆಯ ಬಾಗಿಲಲ್ಲಿ ನಿಂತರೆ ಒಣಗಿದೆಲೆಯ ಮೇಲೆ ಸೋನೆ ಹಿಡಿದಂಥ ಸದ್ದು. ಬಾಗಿಲಿಗೆ ಹಾಕಿರುವ ನೈಲಾನ್ ಪರದೆ ಸೊಳ್ಳೆಗಲ್ಲ, ಊಜಿ ನೊಣಕ್ಕೆ. 1980ರಲ್ಲಿ ಬಂಗಾಳದ ಕಡೆಯಿಂದ ಗೂಡಿನೊಂದಿಗೆ ಬಂದು ಕರ್ನಾಟಕದಲ್ಲಿ ನೆಲೆಯೂರಿದ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ತಿಂಗಳ ದುಡಿಮೆ ಹಾಳು.

ಹಣ್ಣಾದ ಹುಳುವನ್ನು ಆರಿಸಿ ಬಿಡುವುದು ಚಂದ್ರಿಕೆಗೆ. ಈ ಸೀಮೆಯ ಕೈಕೆಲಸದಲ್ಲಿ ಇದಕ್ಕಿಂತ ಚೆಂದದ ವಸ್ತು ಇನ್ನೊಂದಿಲ್ಲ. ಸುಮಾರು ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರಿನ ಚಾಪೆ. ಅದರ ಮೇಲೆ ಎರಡಂಗುಲ ಎತ್ತರದ ಬಿದಿರ ಪಟ್ಟಿ ಸುರುಳಿ ಸುರುಳಿಯಾಗಿ, ನಡುವಿನಿಂದ ಅಂಚಿಗೆ ಬಿಚ್ಚಿಕೊಂಡಂತೆ ಸುತ್ತಿರುತ್ತದೆ. ಸುರುಳಿಯ ಸಂದು ಒಂದೇ ಅಳತೆಯಲ್ಲಿರಬೇಕು. ಕಿರಿದಾದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಆ ಜೋಡಿಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ. ಮೇದರು ಇದನ್ನು ಅಳತೆಗೋಲಿಲ್ಲದೆ, ಬೆರಳಿನ ಅಂದಾಜಿನಲ್ಲೇ ಹೆಣೆಯುತ್ತಾರೆ. ಒಂದು ಚಂದ್ರಿಕೆಯಲ್ಲಿ ಸಾವಿರದಷ್ಟು ಹುಳು. ಸ್ವಂತ ಚಂದ್ರಿಕೆ ಇಲ್ಲದವರು ಬಾಡಿಗೆಗೆ ತರುವುದೂ ಉಂಟು. ರಸ್ತೆಬದಿಯ ಗೋಡೆಗೆ ಸಾಲಾಗಿ ಒರಗಿಸಿಟ್ಟ ಚಂದ್ರಿಕೆಗಳ ತುಂಬ ಹಳದಿ ಗೂಡು ಕಟ್ಟಿಕೊಂಡಿದ್ದರೆ ಬಸ್ಸಿನಲ್ಲಿ ಹೋಗುವವರೂ ಕುತ್ತಿಗೆ ಹೊರಳಿಸಿ ನೋಡುತ್ತಾರೆ. ಅದರ ಜಾಗಕ್ಕೀಗ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದೆ. ತೊಳೆಯಲು ಸುಲಭ, ಮಡಿಸಿಡಬಹುದು. ರೈತನನ್ನು ದೂರುವಂತಿಲ್ಲ. ಬಿದಿರೂ ಮೊದಲಿನ ಹಾಗೆ ಸಿಗುವುದಿಲ್ಲ.

ಗೂಡು ಬಿಡಿಸಿದ ಮೇಲೆ ರೈತನಿಗೆ ಇರುವುದು ಎಣಿಕೆಯ ದಿನಗಳು. ಒಳಗಿರುವ ಕೋಶ ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ ಎಳೆ ತುಂಡು ತುಂಡು. ರಾಗಿಯಾದರೆ ಕಣಜಕ್ಕೆ ಹಾಕಿ ಬೆಲೆಗೆ ಕಾಯಬಹುದು, ಗೂಡನ್ನು ಹಾಗಿಡಲು ಬರುವುದಿಲ್ಲ. ಕೊಂಡವರು ಅದೇ ಗೂಡನ್ನು ಹಬೆಗೆ ಹಿಡಿದು ದಾಸ್ತಾನಿಡಬಲ್ಲರು. ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ದಿನವೂ ನಡೆಯುವ ಹಗ್ಗಜಗ್ಗಾಟದ ಗುಟ್ಟೆಲ್ಲ ಇದೇ.

ರಾಮನಗರದ ಮಾರುಕಟ್ಟೆಯೊಂದಿಗೆ ದೇಶದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳ ಸಾಲಿಗೆ ಸೇರುವ ಸ್ಥಳ ಇದು. ಉದ್ದಕ್ಕೂ ಜಾಲರಿಗಳು, ಅವುಗಳ ತುಂಬ ಗೂಡು, ನಡುವೆ ನಡೆಯಲಷ್ಟೇ ಜಾಗ. ರೀಲರುಗಳು ಹಿಡಿ ಗೂಡು ಎತ್ತಿ ಕಿವಿಯ ಬಳಿ ಅಲುಗಿಸುತ್ತಾರೆ, ಬೆರಳಲ್ಲಿ ಒತ್ತುತ್ತಾರೆ. "ನೋಡಿ ಭಾಯ್, ಒತ್ತಿ ನೋಡಿ, ಕಲ್ಲಿದ್ದ ಹಾಗಿದೆ" ಎನ್ನುತ್ತಾನೆ ರೈತ. "ಗಟ್ಟಿ ಅದೆ ಅಣ್ಣಾ, ಆದ್ರೆ ಜೋಡಿಗೂಡು ಜಾಸ್ತಿ" ಎಂಬುದು ಉತ್ತರ. ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿಗೆ ಬಂದಿದೆ. ಗದ್ದಲ ಇಳಿದಿದೆ, ಪಾರದರ್ಶಕತೆ ಹೆಚ್ಚಿದೆ. ಒತ್ತಿ ನೋಡುವ ಬೆರಳು ಮಾತ್ರ ಹಾಗೇ ಇದೆ.

ಇಲ್ಲಿಂದ ಗೂಡು ಹೋಗುವುದು ಊರಿನ ಓಣಿಗಳಿಗೆ. ಬೆಂದ ಕೋಶದ ಘಾಟು ವಾಸನೆಯೇ ದಾರಿ ತೋರಿಸುತ್ತದೆ. ಅಲ್ಲಲ್ಲಿ ಉಳಿದಿರುವ ಚರಕಗಳಲ್ಲಿ ಒಬ್ಬರು ಕುದಿನೀರಿನ ತೊಟ್ಟಿಯ ಮುಂದೆ ಕುಳಿತು ಗೂಡುಗಳ ಎಳೆ ಹುಡುಕಿ ಜೋಡಿಸಿಕೊಟ್ಟರೆ ಇನ್ನೊಬ್ಬರು ದೊಡ್ಡ ಚಕ್ರ ತಿರುಗಿಸುತ್ತಾರೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ. ಒಂದು ಮುಗಿಯುತ್ತಿದ್ದಂತೆ ಕಣ್ಣಿಗೆ ಕಾಣದ ಇನ್ನೊಂದು ಎಳೆಯನ್ನು ಸೇರಿಸಬೇಕು. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು, ಅರ್ಧ ಕಿಲೋ ತೂಗುವ ಸೀರೆಗೆ ಎರಡು ಸಾವಿರಕ್ಕೂ ಹೆಚ್ಚು ಗೂಡು. ಚರಕದ ನೂಲು ತುಸು ದಪ್ಪ, ತುಸು ಏರುಪೇರು, ಹೊಕ್ಕಿಗೆ ಒಗ್ಗುತ್ತದೆ. ಕಾಟೇಜ್ ಬೇಸಿನ್, ಮಲ್ಟಿಎಂಡ್ ಬಂದ ಮೇಲೆ ಚರಕ ಹಿಂದೆ ಸರಿಯಿತು. ಸ್ವಯಂಚಾಲಿತ ಯಂತ್ರಗಳೆದುರು ಅವೂ ಸರಿಯತೊಡಗಿವೆ. ಇದನ್ನು ಪೂರ್ತಿ ದುಃಖದ ಸಂಗತಿ ಎನ್ನಲಾಗದು. ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಬಿಳಿಚಿಕೊಂಡ, ಬಿರುಕುಬಿಟ್ಟ ಬೆರಳುಗಳನ್ನು ನೋಡಿದವರು ಕೈಕಸುಬಿನ ಸೊಬಗನ್ನು ಹಾಡಿ ಹೊಗಳುವಾಗ ತುಸು ತಡೆಯುತ್ತಾರೆ. ಒಂದು ಕಾಲಕ್ಕೆ ಆ ಬೆರಳುಗಳಲ್ಲಿ ಮಕ್ಕಳವೂ ಇದ್ದವು.

ಯಂತ್ರಕ್ಕಿಂತ ಹೆಚ್ಚು ಕಾಡಿದ್ದು ಚೀನಾದ ಅಗ್ಗದ ರೇಷ್ಮೆ. ಇದು ಹೊಸ ಕಥೆಯೇನಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೊಗೆ ರೇಷ್ಮೆ ಹುಳು ಒಯ್ದರು. ವಹಾಕಾ ಪ್ರಾಂತದ ಮಿಸ್ತೆಕಾ ಬೆಟ್ಟಸೀಮೆಯ ಹಳ್ಳಿಗರು ಕೆಲವೇ ದಶಕಗಳಲ್ಲಿ ಅದನ್ನು ಕರಗತ ಮಾಡಿಕೊಂಡರು. ಸಾಂಕ್ರಾಮಿಕ ರೋಗಗಳಿಗೆ ಸಿಕ್ಕು ಆ ಜನರ ಸಂಖ್ಯೆ ಕರಗಿತು. ಅದರ ಜೊತೆಗೆ ಮನಿಲಾದಿಂದ ಹಡಗು ಹಡಗಾಗಿ ಚೀನಾದ ರೇಷ್ಮೆ ಬಂದಿಳಿಯಿತು. ಉದ್ಯಮ ನೆಲಕಚ್ಚಿತು. ವಹಾಕಾದ ಇನ್ನೊಂದು ಬೆಟ್ಟದ ಊರಾದ ಸಾನ್ ಪೆದ್ರೊ ಕಹೋನೋಸ್‌ನಲ್ಲಿ ಕೆಲವು ಕುಟುಂಬಗಳು ಈಗಲೂ ಹುಳು ಸಾಕಿ, ಕೈಕದಿರಿನಲ್ಲಿ ನೂತು, ಮಗ್ಗದಲ್ಲಿ ಮೇಲ್ವಸ್ತ್ರ ನೇಯುತ್ತವೆ. ಅವರ ನೂಲಿನ ಏರುಪೇರನ್ನೇ ಮೆಚ್ಚಿ ಕೊಳ್ಳುವವರಿದ್ದಾರೆ. ಶಿಡ್ಲಘಟ್ಟದಲ್ಲಿ ಹಾಗಿಲ್ಲ. ಇಲ್ಲಿನ ನೂಲು ಹೆಸರಿಲ್ಲದೆ ಊರು ಬಿಡುತ್ತದೆ. ಎಲ್ಲೋ ಹುರಿಗೊಂಡು, ಬಣ್ಣ ಕಂಡು, ಇನ್ನೊಂದು ಊರಿನ ಸೀರೆಯಾಗಿ ಪೆಟ್ಟಿಗೆ ಸೇರುತ್ತದೆ.

ಹುಳುವಿಗೆ ಸೊಪ್ಪು, ಸೊಪ್ಪಿಗೆ ನೀರು. ಅರ್ಕಾವತಿ, ಪಾಪಾಗ್ನಿ, ಉತ್ತರ ಪಿನಾಕಿನಿಗಳು ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಆದರೂ ಇಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೇ ಹಂತದ ಶುದ್ಧೀಕರಣ ಬೇಕೆಂಬುದು ರೈತ ಸಂಘಟನೆಗಳ ಬೇಡಿಕೆ. ಕೆರೆ ತುಂಬಿದ್ದಕ್ಕೆ ಸಂತೋಷಪಡುವವರೇ ಆ ನೀರನ್ನು ಅನುಮಾನದಿಂದ ನೋಡುವುದೂ ಉಂಟು.

ಸ್ಕಂದಗಿರಿ ಚಾರಣಕ್ಕೆ ಮುಂಗಡ ಟಿಕೆಟ್ ಪಡೆಯಬೇಕು. ಬೆಟ್ಟ ಇಳಿದ ಮೇಲೆ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಹರಾಜು ನೋಡಬೇಕೆಂದರೆ ಬೆಳಗಿನ ಹೊತ್ತಿಗೇ ಅಲ್ಲಿರಬೇಕು. ಮಧ್ಯಾಹ್ನ ಹೋದವರಿಗೆ ಸಿಗುವುದು ಖಾಲಿ ಜಾಲರಿಗಳು, ಮತ್ತು ಬಂದ ದರವನ್ನು ಇನ್ನೊಮ್ಮೆ ಲೆಕ್ಕ ಹಾಕುತ್ತ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತ ಒಬ್ಬಿಬ್ಬರು ರೈತರು.