ರೇಟು ಬೀಳದ ಟೊಮೆಟೊ

ಟೊಮೆಟೊ ಬೀಜಕ್ಕೆ 50. ನೆಟ್ಟ 11 ದಿನಕ್ಕೆ ಹಣ್ಣು, ಆಮೇಲೆ ನಾಲ್ಕು ದಿನಕ್ಕೊಂದು ಕೊಯ್ಲು. ಒಂದು ಹಣ್ಣಿಗೆ 60. ಬೇಸಿಗೆಯ ಮೊದಲ ದಿನವೇ ನೆಟ್ಟರೆ 28 ದಿನದ ಆ ಋತುವಿನಲ್ಲಿ ಐದು ಕೊಯ್ಲು ಸಿಗುತ್ತೆ. ಅಂದರೆ 50 ಹಾಕಿದವನ ಕೈಗೆ 300. ಕಡ್ಡಿ ನೆಡೋದಿಲ್ಲ, ಔಷಧಿ ಹೊಡೆಯೋದಿಲ್ಲ, ಕೂಲಿಯವರನ್ನು ಕರೆಯೋಕೆ ಹಿಂದಿನ ರಾತ್ರಿ ಮನೆಮನೆ ಸುತ್ತೋದಿಲ್ಲ. ಕಾಗೆ ಕಾಟ ಮಾತ್ರ ಇದೆ. ಅದಕ್ಕೆ ಒಂದು ಬೆರ್ಚಪ್ಪ ನಿಲ್ಲಿಸಿದರೆ ಮುಗಿಯಿತು.

ಇದು 'ಸ್ಟಾರ್‌ಡ್ಯೂ ವ್ಯಾಲಿ' ಅನ್ನೋ ವಿಡಿಯೋ ಗೇಮಿನ ಲೆಕ್ಕ. ಕೋಲಾರದ ಕಡೆಯವಳಾದ ನನಗೆ ಇದನ್ನು ಮೊದಲು ಕೇಳಿದಾಗ ನಗು ಬಂತು. ಆಮೇಲೆ ಹೊಟ್ಟೆಯುರಿಯಿತು.

ಹೇಳಿದವನು ನನ್ನ ತಮ್ಮ. ಬೆಂಗಳೂರಿನ ಹೊರವಲಯದ ಒಂದು ಗೋಡೌನಿನಲ್ಲಿ ಪಾರ್ಸೆಲ್ ವಿಂಗಡಿಸೋ ಕೆಲಸ ಅವನದು. ಒಂದೇ ರೂಮಿನಲ್ಲಿ ನಾಲ್ಕು ಜನ ಇದ್ದಾರೆ. ಎರಡನೇ ಬೋರ್‌ವೆಲ್ 1,100 ಅಡಿಗೆ ಹೋಗಿ ಧೂಳು ಹಾರಿದ ವರ್ಷ, ಹೊಲದ ಸಹವಾಸ ಸಾಕು ಅಂತ ಹೊರಟವನು. ಅಂಥವನು ಶಿಫ್ಟ್ ಮುಗಿಸಿ ಬಂದು, ಚಾಪೆ ಮೇಲೆ ಮಲಗಿ, ಫೋನಿನಲ್ಲಿ ಹೊಲಕ್ಕೆ ನೀರು ಹಾಕ್ತಾ ಇರ್ತಾನೆ. ಯಾಕೆ ಅಂತ ಅರ್ಥ ಮಾಡಿಕೊಳ್ಳೋಕೆ ನಾನೂ ಆ ಆಟ ಹಾಕಿಕೊಂಡೆ. ಈಗ ನನ್ನ ಹೊಲ ಮೂರನೇ ವರ್ಷಕ್ಕೆ ಕಾಲಿಟ್ಟಿದೆ.

ಕಥೆ ಚಿಕ್ಕದು. ತಾತ ಸಾಯುವ ಮೊದಲು ಮೊಮ್ಮಗನಿಗೋ ಮೊಮ್ಮಗಳಿಗೋ ಒಂದು ಕಾಗದ ಕೊಟ್ಟಿರ್ತಾನೆ. ಬದುಕು ಭಾರ ಅನಿಸಿದ ದಿನ ಅದನ್ನು ಒಡೆದು ಓದಬೇಕು. ನಾವು 'ಜೋಜಾ' ಅನ್ನೋ ದೊಡ್ಡ ಕಂಪನಿಯ ಆಫೀಸಿನಲ್ಲಿ ಸಾಲಾಗಿ ಕೂತ ನೌಕರರಲ್ಲಿ ಒಬ್ಬರು. ಒಂದು ದಿನ ಡ್ರಾಯರ್ ಎಳೆದು ಕಾಗದ ತೆಗೆದರೆ, ಊರಿನ ಹೊಲ ನಮ್ಮ ಹೆಸರಿಗಿದೆ. ಬಸ್ಸು ಹತ್ತಿ ಹೋಗಿ ಇಳಿದರೆ ಪೂರ್ತಿ ಕಳೆ, ಕಲ್ಲು, ಮರದ ಬೊಡ್ಡೆ. ಕೈಯಲ್ಲಿ 500 ಚಿನ್ನದ ನಾಣ್ಯ. ಊರಿನ ಮೇಯರ್ ಕೊಟ್ಟ 15 ಪಾರ್ಸ್ನಿಪ್ ಬೀಜ. (ಪಾರ್ಸ್ನಿಪ್ ಅಂದರೆ ಬಿಳಿ ಕ್ಯಾರೆಟ್ ತರಹದ ಗಡ್ಡೆ.)

ಇಲ್ಲಿಗೆ ಇದು ಬೇಸಾಯದ ಆಟ. ಆದರೆ ಬರೀ ಅದೇ ಆಗಿದ್ದರೆ ನಾನು ವಾರಕ್ಕೇ ಬಿಡ್ತಿದ್ದೆ. ಊರಿನ ಉತ್ತರಕ್ಕೆ 120 ಹಂತದ ಗಣಿ ಇದೆ. ಕತ್ತಿ ಹಿಡಿದು ಬಾವಲಿ, ಲೋಳೆಯಂಥ ಪ್ರಾಣಿಗಳ ಜೊತೆ ಬಡಿದಾಡುತ್ತಾ ಇಳೀಬೇಕು. ನದಿ, ಕೆರೆ, ಸಮುದ್ರದಲ್ಲಿ ಮೀನು ಹಿಡೀಬಹುದು. ಗಾಳ ಎಳೆಯೋದೇ ಒಂದು ಬೇರೆ ಆಟ, ಬೆರಳು ಸ್ವಲ್ಪ ತಡವಾದರೂ ಮೀನು ಹೋಯ್ತು. ಕಾಡಿನಲ್ಲಿ ಹಣ್ಣು, ಅಣಬೆ ಆರಿಸಬಹುದು. ಊರಿನ ಜನರ ಮನೆಗೆ ಹೋಗಿ ಮಾತಾಡಿಸಿ, ಅವರಿಗೆ ಇಷ್ಟವಾದದ್ದು ಕೊಟ್ಟು ಸ್ನೇಹ ಬೆಳೆಸಬಹುದು, ಮದುವೆಯೂ ಆಗಬಹುದು. ಬೇಸಾಯ, ಗಣಿ, ಮೀನು, ಕಾಡು, ಕಾದಾಟ ಈ ಐದರಲ್ಲೂ ನಮ್ಮ ಪಾತ್ರ ಹತ್ತು ಹಂತದ ತನಕ ಪಳಗುತ್ತಾ ಹೋಗುತ್ತೆ. ಪಾತ್ರ ವಹಿಸಿ ಆಡುವ ಆಟ, ಅಂದರೆ ರೋಲ್ ಪ್ಲೇಯಿಂಗ್ ಗೇಮ್ ಅನ್ನೋದು ಇದಕ್ಕೇ.

ಒಂದಕ್ಕೊಂದು ಹೇಗೆ ಹೆಣೆದುಕೊಂಡಿದೆ ಅನ್ನೋದರಲ್ಲೇ ಇದರ ರುಚಿ ಇರೋದು. ದಿನಾ ಕೊಡದಲ್ಲಿ ನೀರು ಹಾಕಿ ಶಕ್ತಿಯೆಲ್ಲ ಖಾಲಿಯಾಗುತ್ತೆ, ಹಾಗಾಗಿ ಒಳ್ಳೆಯ ಸ್ಪ್ರಿಂಕ್ಲರ್ ಬೇಕು. ಅದಕ್ಕೆ ಚಿನ್ನದ ಗಟ್ಟಿ ಬೇಕು. ಚಿನ್ನದ ಅದಿರು ಧಾರಾಳವಾಗಿ ಸಿಗೋದು ಗಣಿಯ 80ನೇ ಹಂತ ದಾಟಿದ ಮೇಲೆ. ಅಷ್ಟು ಕೆಳಗೆ ಇಳಿದವನಿಗೆ ತಿನ್ನೋಕೆ ಹೊಲದ ಬೆಳೆಯೇ ಬುತ್ತಿ. ನೀರಿಗಾಗಿ ಗಣಿಗೆ, ಗಣಿಗಾಗಿ ಹೊಲಕ್ಕೆ. (ಚಿನ್ನದ ಗಣಿ ನಮ್ಮ ಜಿಲ್ಲೆಗೆ ಹೊಸದಲ್ಲ. ಕೆಜಿಎಫ್ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. 2001ರಲ್ಲಿ ಮುಚ್ಚಿತು.) ಒಂದು ಇಡೀ ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಅದಕ್ಕೇ 'ಇನ್ನೊಂದು ದಿನ ನೋಡಿ ಮಲಗೋಣ' ಅಂದವರು ರಾತ್ರಿ ಎರಡಕ್ಕೂ ಎದ್ದಿರ್ತಾರೆ.

ಪೇಟೆಯ ವಿಮರ್ಶಕರು ಇದನ್ನು ಹಲವು ಪ್ರಕಾರಗಳ ಮಿಶ್ರಣ ಅಂತ ಮೆಚ್ಚುತ್ತಾರೆ. ನನಗೆ ಅದು ಮಿಶ್ರಣ ಅನಿಸಲೇ ಇಲ್ಲ. ನಮ್ಮಮ್ಮ ಐದು ಗಂಟೆಗೆ ಹಾಲು ಕರೆದು ಡೇರಿಗೆ ಹಾಕ್ತಾಳೆ. ಆಮೇಲೆ ಸೊಪ್ಪು ತಂದು ರೇಷ್ಮೆ ಹುಳಕ್ಕೆ ಹಾಕ್ತಾಳೆ. ಮಧ್ಯಾಹ್ನ ಕಳೆ ಕೀಳೋದು, ಸಂಜೆ ಸಂಘದ ಮೀಟಿಂಗು, ದಾರಿಯಲ್ಲಿ ಅತ್ತಿಗೆಯ ಮುನಿಸು ಬಿಡಿಸೋದು, ರಾತ್ರಿ ಕರೆಂಟ್ ಬಂದಾಗ ಎದ್ದು ಮೋಟರ್ ಹಾಕೋದು. ಹಳ್ಳಿಯಲ್ಲಿ ಒಂದೇ ಕೆಲಸ ಮಾಡಿ ಬದುಕಿದವರನ್ನು ನಾನು ನೋಡಿಲ್ಲ. ಬೆಳಗಿನಿಂದ ಸಂಜೆವರೆಗೆ ಪಾರ್ಸೆಲ್ ಎತ್ತಿ ಇಡೋ ತಮ್ಮನಿಗೆ ಆ ಆಟದಲ್ಲಿ ಸಿಕ್ಕಿದ್ದು ಆರಾಮ ಅಲ್ಲ, ಹತ್ತು ಕೆಲಸ ಇರೋ ದಿನ ಅಂತ ನನ್ನ ಅನಿಸಿಕೆ.

ಇದನ್ನು ಮಾಡಿದವನ ಕಥೆಯೂ ಚೆನ್ನಾಗಿದೆ. ಅಮೆರಿಕದ ಎರಿಕ್ ಬರೋನ್ 2011ರಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಮುಗಿಸಿದ. ಕೆಲಸ ಸಿಗಲಿಲ್ಲ. ಕೈ ಪಳಗಲಿ ಅಂತ ಒಂದು ಗೇಮ್ ಮಾಡೋಕೆ ಕೂತ. ನಾಲ್ಕೂವರೆ ವರ್ಷ ಒಬ್ಬನೇ ಚಿತ್ರ, ಸಂಗೀತ, ಮಾತು, ಪ್ರೋಗ್ರಾಂ ಎಲ್ಲ ಮಾಡಿದ. ಸಂಜೆ ಸಿಯಾಟಲ್‌ನ ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸೋ ಕೆಲಸ. ಮನೆ ನಡೆದದ್ದು ಹೆಚ್ಚಾಗಿ ಅವನ ಸಂಗಾತಿಯ ದುಡಿಮೆಯಿಂದ. 2016ರ ಫೆಬ್ರವರಿಯಲ್ಲಿ ಆಟ ಬಂತು, 2024ರ ಕೊನೆಗೆ ನಾಲ್ಕು ಕೋಟಿಗೂ ಮಿಕ್ಕಿ ಪ್ರತಿ ಮಾರಾಟವಾಗಿತ್ತು. ಅವನಿಗೆ ಮೇಲ್ಪಂಕ್ತಿಯಾಗಿದ್ದು 1996ರಲ್ಲಿ ಜಪಾನಿನಲ್ಲಿ ಬಂದ 'ಹಾರ್ವೆಸ್ಟ್ ಮೂನ್'. ಅದನ್ನು ಮಾಡಿದ ಯಸುಹಿರೊ ವಾಡಾ ಹಳ್ಳಿಯಲ್ಲಿ ಬೆಳೆದು ಟೋಕಿಯೊಗೆ ಕೆಲಸಕ್ಕೆ ಹೋದವನು. ಊರು ಬಿಟ್ಟವನ ನೆನಪಿನಿಂದ ಹುಟ್ಟಿದ ಆಟ ಊರು ಬಿಟ್ಟ ನನ್ನ ತಮ್ಮನ ಫೋನಿಗೆ ಬಂದು ಕೂತಿದೆ.

ಯುಗಾದಿಗೆ ಬಂದಾಗ ಅಪ್ಪ ಅವನ ಪಕ್ಕ ಕೂತು ಫೋನು ನೋಡಿದರು.

"ಇದೇನೋ ಇದು?"

"ಟಮೋಟ ಅಪ್ಪ."

"ಮಂಡಿ ಎಲ್ಲಿ?"

ತಮ್ಮ ಮನೆ ಮುಂದಿನ ಮರದ ಪೆಟ್ಟಿಗೆ ತೋರಿಸಿದ. ಬೆಳೆದದ್ದನ್ನು ಅದರೊಳಗೆ ಹಾಕಿ ಮಲಗಿದರೆ ಬೆಳಗ್ಗೆ ದುಡ್ಡು ಬಂದಿರುತ್ತೆ. ಹತ್ತು ಹಣ್ಣು ಹಾಕಿದರೂ ಸಾವಿರ ಹಾಕಿದರೂ ಅದೇ ರೇಟು.

"ಕಮಿಷನ್ನು?"

"ಇಲ್ಲ."

"ಸಾಲ?"

"ಸಾಲ ಕೊಡೋರೇ ಇಲ್ಲಪ್ಪ ಈ ಊರಲ್ಲಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಯಾರು ಬೇಕಾದ್ರೂ ಮಾಡ್ತಾರೆ ಬಿಡು" ಅಂದು ಎದ್ದು ಹೋದರು.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿದ್ದು ನಿಮಗೆ ನೆನಪಿರಬಹುದು. ಆಗ ನಮ್ಮ ಹೊಲದಲ್ಲಿ ಗಿಡ ಇರಲಿಲ್ಲ. ಆ ರೇಟು ನೋಡಿ ನೆಟ್ಟೆವು, ಊರಿನವರೆಲ್ಲ ನೆಟ್ಟರು. ನಮ್ಮ ಹಣ್ಣು ಬರೋ ಹೊತ್ತಿಗೆ ಬಾಡಿಗೆ ಗಾಡಿಯ ದುಡ್ಡೂ ಹುಟ್ಟಲಿಲ್ಲ. ಕೊನೆಯ ಕೊಯ್ಲು ಹಸುಗಳ ಪಾಲಾಯಿತು. ಆಟದ ದೊಡ್ಡ ಸುಳ್ಳು ಅಂದರೆ ಬೆಲೆ ಕುಸಿಯದೇ ಇರೋದು. ಜನರನ್ನು ಸೆಳೆಯೋದೂ ಅದೇ. ದುಡಿದಷ್ಟು ಸಿಗುತ್ತೆ ಅನ್ನೋದನ್ನು ನೋಡೋಕೆ ನಾಲ್ಕು ಕೋಟಿ ಜನ ದುಡ್ಡು ಕೊಟ್ಟಿದ್ದಾರೆ.

ಹಾಗಂತ ಆ ಊರು ಪೂರ್ತಿ ಬಣ್ಣದ ಬೊಂಬೆಯಲ್ಲ. ಪ್ಯಾಮ್ ಅನ್ನೋ ಹೆಂಗಸು ಬಸ್ ಡ್ರೈವರ್. ಬಸ್ಸು ಕೆಟ್ಟು ನಿಂತ ಮೇಲೆ ಕೆಲಸವಿಲ್ಲದೆ ದಿನಾ ಸಂಜೆ ಹೆಂಡದಂಗಡಿಯಲ್ಲಿ ಕೂರ್ತಾಳೆ. ಮಗಳ ಜೊತೆ ಹಳೇ ಟ್ರೇಲರಿನಲ್ಲಿ ವಾಸ. ಬಸ್ಸು ಓಡಬೇಕಾದರೆ ನಾವು ಒಟ್ಟು 42,500 ಕಟ್ಟಬೇಕು. ನಾನು ಮೊದಲು ಕೂಡಿಟ್ಟದ್ದು ಅದಕ್ಕೇ. ನಮ್ಮೂರಿಗೆ ಬರ್ತಿದ್ದ ಸಂಜೆ ಬಸ್ಸು ನಿಂತಾಗ ಎಷ್ಟು ಹುಡುಗಿಯರು ಕಾಲೇಜು ಬಿಟ್ಟರು ಅಂತ ಕಂಡವಳು ನಾನು.

ಪಾಳುಬಿದ್ದ ಸಮುದಾಯ ಭವನ ಒಂದಿದೆ. ಬೆಳೆ, ಮೀನು, ಅದಿರು, ದುಡ್ಡು ಹೊಂದಿಸಿ ಕೊಟ್ಟರೆ ಅದು ಎದ್ದು ನಿಲ್ಲುತ್ತೆ. ಅದು ಬೇಡ ಅಂದರೆ 5,000 ಕೊಟ್ಟು ಜೋಜಾ ಕಂಪನಿಯ ಸದಸ್ಯರಾಗಬಹುದು. ಆಮೇಲೆ ಎಲ್ಲ ದುಡ್ಡಿನಲ್ಲೇ ಆಗುತ್ತೆ, ಭವನ ಕಂಪನಿಯ ಗೋಡೌನ್ ಆಗುತ್ತೆ. ಆ ದಾರಿ ಸಲೀಸು. ತಮ್ಮ ಅದನ್ನು ಹಿಡಿಯಲಿಲ್ಲ. "ಅಕ್ಕಾ, ಹಗಲೆಲ್ಲ ಗೋಡೌನಲ್ಲೇ ಸಾಯ್ತೀನಿ. ರಾತ್ರಿನೂ ಒಂದು ಗೋಡೌನ್ ಕಟ್ಲಾ?" ಅಂದ.

ನಿಮ್ಮ ಮನೆಯ ಹುಡುಗರು ಆಡ್ತೀವಿ ಅಂದರೆ: ಒಂದು ಸಲ ದುಡ್ಡು ಕೊಟ್ಟು ಕೊಳ್ಳಬೇಕು, ಆಮೇಲೆ ಜಾಹೀರಾತಿಲ್ಲ, ನಿಜವಾದ ದುಡ್ಡು ಪಣ ಕಟ್ಟೋದಿಲ್ಲ. ಇಳಿಸಿಕೊಂಡ ಮೇಲೆ ನೆಟ್ ಇಲ್ಲದೆಯೂ ನಡೆಯುತ್ತೆ. ಕನ್ನಡದಲ್ಲಿ ಇಲ್ಲ, ಇಂಗ್ಲಿಷ್ ಸ್ವಲ್ಪ ಓದೋಕೆ ಬರಬೇಕು.

ಹಬ್ಬದ ಮಾರನೇ ದಿನ ಗುತ್ತಿಗೆಯ ಮಾತು ಬಂತು. ಎರಡೂವರೆ ಎಕರೆಯನ್ನೂ ಮೂರು ವರ್ಷಕ್ಕೆ ಪಕ್ಕದ ಹೊಲದವರಿಗೆ ಕೊಡೋದು ಅಂತ ಅಪ್ಪ ತೀರ್ಮಾನಿಸಿದ್ದರು. ಅವರಿಗೆ ಮಂಡಿನೋವು, ಅಮ್ಮನಿಗೂ ಆಗಲ್ಲ. ತಮ್ಮ ಊಟದ ತಟ್ಟೆ ಮುಂದೆ ತಲೆ ಎತ್ತದೆ, "ಮನೆ ಪಕ್ಕದ ಅರ್ಧ ಎಕರೆ ಬಿಟ್ಟು ಕೊಡಿ" ಅಂದ. ಯಾರು ಮಾಡ್ತಾರೆ ಅದನ್ನ ಅಂತ ಅಪ್ಪ ಕೇಳಿದ್ದಕ್ಕೆ, ತಿಂಗಳಿಗೆ ಎರಡು ಭಾನುವಾರ ಬರ್ತೀನಿ ಅಂದ. ಅಪ್ಪ ನಂಬಲಿಲ್ಲ. ಆದರೂ ಕರಾರು ಬರೆಸುವಾಗ ಎರಡು ಎಕರೆ ಅಂತಲೇ ಬರೆಸಿದರು.

ಉಳಿದ ಅರ್ಧ ಎಕರೆಗೆ ಏನು ಹಾಕೋದು ಅಂತ ಈಗ ಫೋನಿನಲ್ಲಿ ಜಗಳ ನಡೀತಿದೆ. ಅಪ್ಪ ಹುರುಳಿ ಅಂತಾರೆ, ನೀರು ಬೇಡ. ಅಮ್ಮ ಹಸುವಿಗೆ ಮೇವು ಅಂತಾಳೆ. ತಮ್ಮ ಬದನೆ, ಬೀನ್ಸು, ಸೊಪ್ಪು, ಒಂದು ಸಾಲು ಚೆಂಡು ಹೂವು ಎಲ್ಲ ಸ್ವಲ್ಪ ಸ್ವಲ್ಪ ಹಾಕೋಣ ಅಂತಾನೆ. ಟೊಮೆಟೊ ಹೆಸರು ಮಾತ್ರ ಯಾರೂ ಎತ್ತಿಲ್ಲ.