ಅಂಜಿಕೆಯೋ, ಹಗೆಯೋ

ಹುಮನಾಬಾದಿನ ಕಾಲೇಜಿನಿಂದ ಸಂಜೆ ಬಸ್ಸಿಗೆ ದುಬಲಗುಂಡಿಗೆ ಬಂದ ತಂಗಿಯ ಮಗಳು ಚೀಲ ಇಳಿಸುವ ಮೊದಲೇ ಕೇಳಿದಳು: “ಮಾಮಾ, ಹೋಮೊಫೋಬಿಯಾಕ್ಕ ಕನ್ನಡದಾಗ ಏನಂತಾರ?” ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದ ಅವ್ವ ತಲೆಯೆತ್ತಿ, “ಅದ್ಯಾವ ಬ್ಯಾನಿ?” ಅಂದಳು.

ಅವ್ವ ಕೇಳಿದ್ದೇ ಸರಿ. ಆ ಶಬ್ದ ಹುಟ್ಟಿದ್ದೇ ಬ್ಯಾನಿ ಯಾರಿಗೆ ಎಂಬ ತಕರಾರಿನಲ್ಲಿ. ಫೋಬೋಸ್ ಅಂದರೆ ಗ್ರೀಕಿನಲ್ಲಿ ಅಂಜಿಕೆ. ಹುಚ್ಚುನಾಯಿ ಕಚ್ಚಿ ರೋಗ ಏರಿದವರು ನೀರು ಕಂಡರೆ ಬೆಚ್ಚುವುದಕ್ಕೆ ಡಾಕ್ಟರರು ಹೈಡ್ರೋಫೋಬಿಯಾ ಅನ್ನುತ್ತಾರಲ್ಲ, ಅದೇ ಬಾಲ ಇದಕ್ಕೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ವೈನ್‌ಬರ್ಗ್ 1960ರ ದಶಕದಲ್ಲಿ ಕಟ್ಟಿದ ಶಬ್ದ ಅದು. 1972ರಲ್ಲಿ ಬಂದ ಅವನ ಪುಸ್ತಕದಿಂದ ಬಳಕೆ ಹೆಚ್ಚಿತು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಆಗ ಅಲ್ಲಿ ಮನೋರೋಗದ ಪಟ್ಟಿಯಲ್ಲಿತ್ತು. ರೋಗ ಪ್ರೀತಿಸುವವರದಲ್ಲ, ಅವರನ್ನು ಸಹಿಸದವರದು ಎಂದು ಅವನು ಬೆರಳು ತಿರುಗಿಸಿದ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಆ ಪ್ರೀತಿಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ.

ಕನ್ನಡದಲ್ಲಿ ‘ಸಲಿಂಗಭೀತಿ’ ಅಂತಲೂ ‘ಸಲಿಂಗದ್ವೇಷ’ ಅಂತಲೂ ಬರೆಯಬಹುದು. ಎರಡೂ ಕಾಗದದ ಮಾತು. ನಮ್ಮೂರ ಚಾದ ಅಂಗಡಿಯಲ್ಲಿ ನಡೆಯುವ ಶಬ್ದ ‘ಹೆಣ್ಣಿಗ’. ಬೈಗುಳ ಎಲ್ಲರ ಬಾಯಲ್ಲಿದೆ, ಬೈಯುವವನ ಗುಣಕ್ಕೆ ಮಾತ್ರ ಊರಲ್ಲಿ ಹೆಸರಿಲ್ಲ.

ನನ್ನ ಸಾಲಿಯಲ್ಲಿ ಒಬ್ಬ ಹುಡುಗನಿದ್ದ. ಪಂಚಮಿಗೆ ಅಕ್ಕನ ಜೊತೆ ಕೂತು ಅವನು ಹಾಕಿದ ರಂಗೋಲಿ ಓಣಿಯಲ್ಲೇ ಚಂದ. ಹಾಜರಿ ಕೂಗಿದಾಗ ಮೆಲ್ಲಗೆ, ಕೊನೆಯಲ್ಲಿ ದನಿ ಸ್ವಲ್ಪ ಎಳೆದು “ಹಾಜರ್ ಸರ್” ಅನ್ನುತ್ತಿದ್ದ. ಇಡೀ ವರ್ಗ ನಗುತ್ತಿತ್ತು, ಮಾಸ್ತರರೂ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ದಸರೆ ರಜೆ ಮುಗಿಸಿ ಬಂದವನು ಬಾಯಿ ಬಿಡುವುದನ್ನೇ ನಿಲ್ಲಿಸಿದ. ಕೈ ಮಾತ್ರ ಎತ್ತುತ್ತಿದ್ದ. ಆ ಎತ್ತಿದ ಕೈ ನನ್ನ ಕಣ್ಣಿಂದ ಹೋಗಿಲ್ಲ. ಅವನು ಯಾರನ್ನು ಪ್ರೀತಿಸುತ್ತಿದ್ದನೋ, ಆ ವಯಸ್ಸಿನಲ್ಲಿ ಅವನಿಗೇ ಗೊತ್ತಿತ್ತೋ ಇಲ್ಲವೋ. ನಮಗೆ ಅವನ ದನಿಯಷ್ಟೇ ಸಾಕಾಗಿತ್ತು.

ಅಲ್ಲಿ ಅಂಜಿದವರು ಯಾರು? ನಾವಲ್ಲ. ಅದಕ್ಕೇ ‘ಭೀತಿ’ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಅಂಜಿದವನನ್ನು ಕಂಡರೆ ಕನಿಕರ ಹುಟ್ಟುತ್ತದೆ. ಹೀಯಾಳಿಸಿದವನಿಗೆ ಆ ಕನಿಕರ ಯಾಕೆ ಸಲ್ಲಬೇಕು?

ಆದರೆ ಮನೆಯೊಳಗಿನ ಕಥೆ ಬೇರೆ. ಮಗ ಲಗ್ನ ಬೇಡವೆಂದ ಕಾರಣ ತಿಳಿದಾಗ ತಾಯಿಗೆ ಆಗುವುದು ನಿಜವಾದ ಅಂಜಿಕೆಯೇ, ‘ಮಂದಿ ಏನಂದಾರು’ ಎಂಬ ಅಂಜಿಕೆ. “ಲಗ್ನ ಮಾಡ್ರಿ, ತಾನೇ ಸರಿಹೋಗ್ತಾನ” ಅನ್ನುವ ಹಿರಿಯರಿಗೆ ಕೊರತೆಯಿಲ್ಲ. ಸರಿಹೋಗುವುದಿಲ್ಲ. ಏನೂ ತಿಳಿಯದೆ ಬಂದ ಸೊಸೆಯ ಬಾಳೂ ಅವನ ಜೊತೆ ಹಾಳಾಗುತ್ತದೆ.

ಈ ಅಂಜಿಕೆಗೆ ಕಾನೂನೂ ನೀರೆರೆದಿತ್ತು. ಇಂಥವರು ಕೂಡುವುದನ್ನು ಅಪರಾಧವೆಂದು ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೇ ಕಲಂ ಒಂದು. ನಮ್ಮ ಬೀದರ ಸೀಮೆಯನ್ನು ಆಳಿದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1919ರ ಇನ್ನೊಂದು ಕಾನೂನಿತ್ತು: ಹಿಜಡಾಗಳ ಹೆಸರನ್ನು ದಫ್ತರದಲ್ಲಿ ಬರೆದಿಡಬೇಕು, ಅವರು ಹೆಣ್ಣಿನ ಉಡುಗೆ ಉಟ್ಟು ಬೀದಿಗೆ ಬಂದರೆ ವಾರಂಟಿಲ್ಲದೆ ಹಿಡಿಯಬಹುದು. ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಅದನ್ನು ಅಲ್ಲಿಯ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು 377ರ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಇಂಥ ಪ್ರೀತಿಯ ಕಥೆಗಳಿರುವ ವಸುಧೇಂದ್ರರ ಸಂಕಲನ ‘ಮೋಹನಸ್ವಾಮಿ’ ಅದಕ್ಕೂ ಐದು ವರ್ಷ ಮೊದಲೇ, 2013ರಲ್ಲಿ, ಕನ್ನಡದ ಓದುಗರ ಕೈಗೆ ಬಂದಿತ್ತು. ಕೋರ್ಟಿಗಿಂತ ಕನ್ನಡದ ಕಥೆ ಮುಂದಿತ್ತು ಎಂಬುದು ನನಗೆ ಹೆಮ್ಮೆ.

ನಮಗೆ ವಚನಕಾರರ ಬಸವಕಲ್ಯಾಣ ದೂರವಲ್ಲ. ಒಳಗೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ವಚನದಲ್ಲಿ ಹೇಳಿದವನು ಮುದನೂರಿನ ನೇಕಾರ ಜೇಡರ ದಾಸಿಮಯ್ಯ. ಅವನು ಹೇಳಿದ್ದು ಈ ಪ್ರೀತಿಯ ಮಾತಲ್ಲ, ನಿಜ. ಆದರೂ ಅಂಥ ಮಾತನ್ನು ಬಾಯಿಪಾಠ ಮಾಡಿದ ಸೀಮೆಯವರು ಒಬ್ಬ ಹುಡುಗನ ದನಿಗೆ ನಕ್ಕೆವು.

ತಂಗಿಯ ಮಗಳಿಗೆ ‘ಸಲಿಂಗದ್ವೇಷ’ ಅಂತ ಬರಿ ಅಂದೆ, ಬರೆದುಕೊಂಡಳು. ಹಾಜರಿ ಕೂಗುವ ಮಾಸ್ತರರಲ್ಲಿ ನನ್ನದೊಂದು ವಿನಂತಿ: ಯಾವ ಹುಡುಗನ ದನಿಗಾದರೂ ವರ್ಗ ನಕ್ಕರೆ, ಆ ಹೊತ್ತಿಗೆ ಹಾಜರಿ ಪುಸ್ತಕ ಮುಚ್ಚಿಡಿರಿ, ಮೊದಲು ಆ ನಗುವನ್ನು ನಿಲ್ಲಿಸಿರಿ.