ಅಣ್ಣನ ಮೈಕಿನ ಮುಂದೆ ತಮ್ಮ

ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಊರಿನ ಒಂದು ಹೈಸ್ಕೂಲು. 1960ರ ದಶಕದ ಕೊನೆಯ ವರ್ಷಗಳು. ಹುಡುಗರ ಕೂದಲು ಅಂಗಿಯ ಕಾಲರ್ ಮುಟ್ಟುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಮುಟ್ಟಿದರೆ ವ್ಯಾಯಾಮದ ಮೇಷ್ಟ್ರು ಲಿಯೊನಾರ್ಡ್ ಸ್ಕಿನ್ನರ್ ಸೀದಾ ಪ್ರಿನ್ಸಿಪಾಲರ ಕೊಠಡಿಗೆ ಅಟ್ಟುತ್ತಿದ್ದರು. ಹಾಗೆ ಅಟ್ಟಿಸಿಕೊಂಡವರು ಗಿಟಾರ್ ಹಿಡಿದು ತಂಡ ಕಟ್ಟಿದಾಗ ಮೇಷ್ಟ್ರ ಹೆಸರನ್ನೇ ಒಂದಿಷ್ಟು ತಿರುಚಿ ತಂಡಕ್ಕೆ ಇಟ್ಟರು: ಲಿನರ್ಡ್ ಸ್ಕಿನರ್ಡ್. (ಮುಂದೆ ರಾಜಿಯಾಗಿ, ಮೇಷ್ಟ್ರೇ ಒಮ್ಮೆ ವೇದಿಕೆ ಏರಿ ಈ ಹಳೆಯ ತುಂಟರನ್ನು ಸಭೆಗೆ ಪರಿಚಯಿಸಿದರೆಂಬುದು ಬೇರೆ ಮಾತು.)

1977ರ ಅಕ್ಟೋಬರ್ 17ರಂದು ತಂಡದ ಹೊಸ ಧ್ವನಿಮುದ್ರಿಕೆ ಹೊರಬಂತು. ಮೂರೇ ದಿನಕ್ಕೆ, ಇಂಧನ ಮುಗಿದ ಅವರ ಬಾಡಿಗೆ ವಿಮಾನ ಮಿಸಿಸಿಪಿಯ ಕಾಡಿನಲ್ಲಿ ಬಿತ್ತು. ಹಾಡುಗಾರ ರಾನಿ ವ್ಯಾನ್ ಜಾಂಟ್, ಗಿಟಾರ್ ವಾದಕ ಸ್ಟೀವ್ ಗೇನ್ಸ್, ಅವನ ಅಕ್ಕ ಕ್ಯಾಸಿ ಸೇರಿ ಆರು ಮಂದಿ ತೀರಿಕೊಂಡರು. ಮುದ್ರಿಕೆಯ ಹೊದಿಕೆಯ ಮೇಲೆ ತಂಡದವರು ಬೆಂಕಿಯ ಜ್ವಾಲೆಗಳ ನಡುವೆ ನಿಂತ ಚಿತ್ರವಿತ್ತು. ಕಂಪೆನಿ ಅದನ್ನು ಹಿಂತೆಗೆದುಕೊಂಡು ಕಪ್ಪು ಹಿನ್ನೆಲೆಯ ಬೇರೆ ಚಿತ್ರ ಹಾಕಿತು. ತಂಡ ಚದುರಿತು.

ಹತ್ತು ವರ್ಷ ಕಳೆದ ಮೇಲೆ, 1987ರಲ್ಲಿ, ಉಳಿದವರು ಸ್ಮರಣೆಗೆಂದು ಮತ್ತೆ ಕೂಡಿದರು. ಹಾಡುವವರು ಯಾರು? ರಾನಿಯ ಕಿರಿಯ ತಮ್ಮ ಜಾನಿಯನ್ನು ಕರೆತಂದರು. ಅವನು ಉಳಿದ ಹಾಡುಗಳನ್ನೆಲ್ಲ ಹಾಡಿದ. ತಂಡದ ಅತಿ ಪ್ರಸಿದ್ಧ ಗೀತೆ ಬಂದಾಗ ಮಾತ್ರ ಪಕ್ಕಕ್ಕೆ ಸರಿದುಬಿಡುತ್ತಿದ್ದ. ವಾದ್ಯಗಳು ನುಡಿಯುತ್ತಿದ್ದವು, ಬೆಳಕು ಒಂಟಿ ಮೈಕಿನ ಮೇಲೆ ಬೀಳುತ್ತಿತ್ತು, ಮಾತುಗಳನ್ನು ಸಭಿಕರೇ ಹಾಡಿಕೊಳ್ಳಬೇಕಿತ್ತು.

ಆ ಪ್ರವಾಸದಲ್ಲಿ ಗಾಲಿಕುರ್ಚಿಯಲ್ಲಿ ಇನ್ನೊಬ್ಬನಿದ್ದ: ಹಳೆಯ ಗಿಟಾರ್ ವಾದಕ ಅಲೆನ್ ಕಾಲಿನ್ಸ್. ವಿಮಾನ ದುರಂತದಲ್ಲಿ ಬದುಕಿ ಉಳಿದವನು. 1986ರಲ್ಲಿ ಕುಡಿದು ಕಾರು ಓಡಿಸಿ ಅಪಘಾತ ಮಾಡಿಕೊಂಡ. ಜೊತೆಗಿದ್ದ ಗೆಳತಿ ಸತ್ತಳು, ಇವನ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕುಡಿದು ವಾಹನ ನಡೆಸಿದರೆ ಏನಾಗುತ್ತದೆಂದು ಜನರೆದುರು ಹೇಳಬೇಕೆಂಬುದು ಅವನ ಶಿಕ್ಷೆಯ ಭಾಗವಾಗಿತ್ತು. ಗಿಟಾರ್ ಮುಟ್ಟಲಾರದವನು ವೇದಿಕೆಗೆ ಬಂದು, ತಾನೇಕೆ ನುಡಿಸುತ್ತಿಲ್ಲವೆಂದು ಹೇಳಿ ಹೋಗುತ್ತಿದ್ದ. ಇದಕ್ಕಿಂತ ಕಠಿಣ ಶಿಕ್ಷೆ ಯಾವ ಸೆರೆಮನೆಯಲ್ಲಿದೆ? 1990ರಲ್ಲಿ ಅವನೂ ಹೋದ.

ಮರುವರ್ಷ, ಅಂದರೆ ಹದಿನಾಲ್ಕು ವರ್ಷಗಳ ಬಳಿಕ, ತಂಡ ಸ್ಟುಡಿಯೋ ಹೊಕ್ಕು ಹೊಸ ಹಾಡುಗಳ ಮುದ್ರಿಕೆ ತಂದಿತು. ಅದಕ್ಕೆ ತಂಡದ ಹೆಸರು ಮತ್ತು '1991' ಎಂಬ ಇಸವಿಯೇ ಶೀರ್ಷಿಕೆ. ನಿರ್ಮಾಪಕರು ಟಾಮ್ ಡೌಡ್. ಎಳೆವಯಸ್ಸಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತ ಅಣುಬಾಂಬಿನ ಯೋಜನೆಯಲ್ಲಿ ದುಡಿದು, ಆಮೇಲೆ ಧ್ವನಿಮುದ್ರಣಕ್ಕೆ ಒಲಿದವರು. 1976ರಲ್ಲಿ ಇದೇ ತಂಡದ ಮುದ್ರಿಕೆಯೊಂದನ್ನು ಅವರೇ ಮಾಡಿದ್ದರು. ಅಣ್ಣನ ದನಿಯನ್ನು ಟೇಪಿಗೆ ಇಳಿಸಿದ್ದವರು ಈಗ ತಮ್ಮನ ದನಿಗೆ ಕಿವಿಗೊಟ್ಟರು.

ಹಳೆಯ ಮುದ್ರಿಕೆಗಳ ಪಕ್ಕದಲ್ಲಿ ಇದನ್ನಿಟ್ಟರೆ ತೂಕ ಕಡಿಮೆಯೇ. ಮೂರು ಗಿಟಾರುಗಳ ಗತ್ತು ಇದೆ, ಬಿಲಿ ಪೊವೆಲ್‌ನ ಪಿಯಾನೊ ಇದೆ. ರಾನಿಯ ಹಾಡುಗಳಲ್ಲಿದ್ದ ತುಂಟತನ ಇಲ್ಲ. ಆದರೂ ಇವು ಅಣ್ಣ ಹಾಡಿ ಬಿಟ್ಟುಹೋದ ಹಾಡುಗಳಲ್ಲ. ಇಲ್ಲಿ ಜಾನಿ ಪಕ್ಕಕ್ಕೆ ಸರಿಯಬೇಕಾದ ಹಾಡು ಒಂದೂ ಇರಲಿಲ್ಲ.

ಕ್ರಮೇಣ ಆ ಹಳೆಯ ಗೀತೆಯನ್ನೂ ಅವನು ಹಾಡತೊಡಗಿದ. 2023ರ ಮಾರ್ಚ್‌ನಲ್ಲಿ ಗ್ಯಾರಿ ರಾಸಿಂಗ್ಟನ್ ತೀರಿಕೊಂಡಾಗ ತಂಡ ಕಟ್ಟಿದವರಲ್ಲಿ ಯಾರೂ ಉಳಿಯಲಿಲ್ಲ. ಅಣ್ಣ ಬದುಕಿದ್ದುದು 29 ವರ್ಷ. ಅಷ್ಟು ಹೊತ್ತಿಗೆ ತಮ್ಮ ಅಣ್ಣನ ಜಾಗದಲ್ಲಿ ನಿಂತು ಹಾಡಿದ್ದು 35 ವರ್ಷಕ್ಕೂ ಹೆಚ್ಚು.